ಕೇಬಲ್ ಕಿತ್ತದ್ದಕ್ಕೆ ಸಿಕ್ಕ ಉಪಕಾರ

ಕೇಬಲ್ ಕಿತ್ತದ್ದು ನಾನೇ ಎಂಬುದನ್ನು ಬರೆಯದೇ ಬಿಡುವವಳಿದ್ದೆ, ಗೆಳೆಯರೇ.

ಜಲನಗರದ ನಮ್ಮ ಆಫೀಸಿಗೆ, ಸರ್ವರ್‌ನಿಂದ ಲ್ಯಾಬ್ ವರದಿಗಳನ್ನು ಸುರಕ್ಷಿತವಾಗಿ ತರುವ ಪ್ರೋಗ್ರಾಂ ಬೇಕಿತ್ತು. ನಾನೊಂದು ಬರೆದೆ, ಸಾರವಾಡದಿಂದ ಬರುವ ಹೊಸ ಸಹೋದ್ಯೋಗಿ ಶೋಭಾ ಒಂದು ಬರೆದಳು. ನಮ್ಮ ಮೇಲಧಿಕಾರಿ ಸರ್ ಎರಡರಲ್ಲಿ ಒಂದನ್ನು ಆರಿಸುವವರಿದ್ದರು. ನನ್ನದು "ವರದಿ ಬಂತೇ?" ಎಂದು ಕೇಳುತ್ತಲೇ ಇರುತ್ತದೆ, ಅವಳದು ಸುಮ್ಮನಿದ್ದು, ವರದಿ ಬಂದಾಗ ಮಾತ್ರ ಏಳುತ್ತದೆ.

"ಅಕ್ಕಾರ, ಸರ್ವರ್‌ನ ಗುರುತಿನ ಸರ್ಟಿಫಿಕೇಟ್ ನೋಡೂದನ್ನ ಬಂದ್ ಮಾಡೀರಲ್ರಿ. ಯಾರ ಮನಿ ಅಂತ ಕೇಳದ ಒಳಗ ಹೊಕ್ಕಂಗಾತು," ಎಂದು ಶೋಭಾ ನನ್ನ ಪ್ರೋಗ್ರಾಂ ನೋಡಿ ಮೆಲ್ಲಗೆ ಹೇಳಿ ಊಟಕ್ಕೆ ಹೋದಳು.

ಹೊಟ್ಟೆಯುರಿ ತಡೆಯಲಾಗದೆ ಅವಳ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತೆ. ಪ್ರೋಗ್ರಾಂ ನಿಂತುಹೋಗಲಿಲ್ಲ. ಮತ್ತೆ ಹಾಕಿದೊಡನೆ ತಾನಾಗಿಯೇ ಸರ್ವರ್‌ಗೆ ಸೇರಿಕೊಂಡಿತು.

ಊಟದಿಂದ ಬಂದವಳು ಪರದೆಯಲ್ಲಿ "ಸಂಪರ್ಕ ತಪ್ಪಿತು, ಮತ್ತೆ ಸೇರಿತು" ಎಂದಿದ್ದುದನ್ನು ನೋಡಿ, ಸರ್ ಎದುರೇ, "ಕೇಬಲ್ ತಗದು ಟೆಸ್ಟ್ ಮಾಡಿದ್ರೇನ್ರಿ ಅಕ್ಕಾರ? ನಾ ಮರ್ತಿದ್ದೆ. ಭಾಳ ಉಪಕಾರ ಆತ್ರಿ!" ಎಂದಳು. ಆಯ್ಕೆಯಾದದ್ದು ಅವಳದೇ.

ಅವಳ ಪ್ರಶ್ನೆಗೆ ನಾನು ಹೌದೆಂದು ತಲೆಯಾಡಿಸಿದ್ದೆ. ಇದನ್ನು ಬರೆಯುವುದನ್ನು ನಾಳೆಗೆ ಬಿಟ್ಟರೆ ನಿಜಕ್ಕೂ ಟೆಸ್ಟ್ ಮಾಡಿದ್ದೆ ಎಂದೇ ನಂಬಿಬಿಡುತ್ತೇನೆ. ಅದಕ್ಕೇ ಬ್ಲಾಗಿಗೆ ಹಾಕುವುದು ಇವತ್ತೇ, ಸೋಮವಾರ.