ಎದುರಿನವರ ಮಾತು

ಆದೋನಿಯಲ್ಲಿ ನಾನೊಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದೆ. ಗಂಡ ಹೆಂಡತಿಯ ವ್ಯಾಜ್ಯ ಬಂದರೆ ಅವರು ತಲೆಯ ರುಮಾಲು ತೆಗೆದು ಕಾನೂನು ಪುಸ್ತಕದ ಮೇಲಿಟ್ಟು, "ಈಗ ಎದುರಿನವ್ರ ಮಾತು ನೀವಽ ಹೇಳ್ರಿ" ಎನ್ನುತ್ತಿದ್ದರು. ಅರ್ಧ ಜನ ಅಲ್ಲಿಗೇ ತಡವರಿಸಿ ಮನೆಗೆ ಹೋಗುತ್ತಿದ್ದರು.

ಒಮ್ಮೆ ಗೋನೆಗಂಡ್ಲದ ಕುರಿಗಾರರ ಹೆಣ್ಣುಮಗಳು ಬಂದಳು. ಅವರ ಕುಲದಲ್ಲಿ ಹಿರಿಯರ ಮುಂದೆ ಬಿಡುಗಡೆ ಪತ್ರವಾದರೆ ಮದುವೆ ಮುರಿದಂತೆ. ಮಗು ತನ್ನ ಹತ್ತಿರವೇ ಇರಬೇಕೆಂದು ಅದರಲ್ಲಿ ಬರೆಸಬಹುದೇ ಎಂದು ಕೇಳಿದಳು. ವಕೀಲರು ರುಮಾಲು ತೆಗೆದರು.

ಆಕೆ ಅಳುಕಲಿಲ್ಲ. "ಅವ್ವ ಹೊಡಿ ಅಂದ್ರ ಹೊಡಿಬೇಕಾಗ್ತೈತಿ ಅಂತಾನ್ರಿ ನನ್ನ ಗಂಡ. ಅವನ ಮಾತು ಅಷ್ಟಽ. ನಿಮ್ಮ ಮನಿಯವ್ರು ಪೆದ್ದಕಡುಬೂರಿಗೆ, ತವರಿಗೆ ಹೋಗಿ ಮೂರು ತಿಂಗಳಾತಂತ. ಅವ್ರ ಮಾತು ನೀವು ಹೇಳ್ರಿ."

ವಕೀಲರು ನನ್ನ ಕಡೆ ನೋಡಿದರು. ನಾನು ಮಸಿಕುಡಿಕೆಯ ಕಡೆ ನೋಡಿದೆ. ಆಕೆಯ ಪತ್ರವನ್ನು ಅವರು ತಾವೇ ಬರೆದು, ಮಗುವಿನ ಸಾಲನ್ನು ಎರಡು ಸಲ ಓದಿ ಹೇಳಿದರು.

ಮರುದಿನ ಕೋರ್ಟಿನ ಹೊತ್ತಿಗೆ ವಕೀಲರು ಪೆದ್ದಕಡುಬೂರಿಗೆ ಹೊರಟ ಬಂಡಿಯಲ್ಲಿ ಕುಳಿತಿದ್ದರು.

"ಇವತ್ತಿನ ಕೇಸಿಗೆ ಬ್ಯಾರೆ ವಕೀಲರ ಕಡಿಂದ ವಾಯಿದೆ ಕೇಳಿಸು," ಎಂದರು.

"ಏನು ಕಾರಣ ಹೇಳಿಸ್ಲಿರಿ?"

"ಎದುರಿನವ್ರ ಮಾತು ಕೇಳಬೇಕಾಗೈತಿ ಅಂತ ಹೇಳಿಸು."