ಕಚೇರಿಯಲ್ಲಿ ನಗುತ್ತಿದ್ದ ಗಂಡ

ನನ್ನ ಗಂಡ ತೀರಿಕೊಂಡ ಮೇಲೆ ಅವರ ನೌಕರಿ ಅನುಕಂಪದ ಆಧಾರದಲ್ಲಿ ನನಗೆ ಬಂತು. ದೇವದುರ್ಗದ ಅದೇ ಕಚೇರಿ, ಅದೇ ಗುಮಾಸ್ತಿಕೆ. ರಾಯಚೂರಿನ ಮನೆಯಿಂದ ಬೆಳಗಿನ ಬಸ್ಸು ಹಿಡಿದು, ಕಲ್ಮಲ ದಾಟಿ, ದೇವದುರ್ಗದಲ್ಲಿ ಇಳಿದು, ಅವರು ವರ್ಷಗಟ್ಟಲೆ ನಡೆದ ದಾರಿಯಲ್ಲೇ ನಾನೂ ನಡೆದು ಹೋದೆ. ಕಚೇರಿಯವರೆಲ್ಲ ಎದ್ದು ನಿಂತರು, ಕೆಲವರು ಅತ್ತರು. ಆದರೆ ಅವರು ಯಾರನ್ನು ನೆನೆದು ಅಳುತ್ತಿದ್ದರೋ ಆ ಮನುಷ್ಯನನ್ನು ನಾನು ಕಂಡೇ ಇರಲಿಲ್ಲ.

"ಅವ್ರು ಬಂದ್ರು ಅಂದ್ರ ಆಫೀಸ್ ನಗಾಕ ಸುರು ಮಾಡ್ತಿತ್ತು ನೋಡ್ರಿ ಅಕ್ಕಾರ," ಎಂದಳು ಚಹಾ ಕೊಡುವ, ಫೈಲು ಎತ್ತಿಡುವ ಆಯಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಸಾಹೇಬ್ರು ಹ್ಯಾಂಗ ನಡೀತಾರ, ಕಂಡಕ್ಟರ್ ಹ್ಯಾಂಗ ಬೈತಾನ, ಎಲ್ಲಾ ಮಾಡಿ ತೋರಸ್ತಿದ್ರು. ನಕ್ಕು ನಕ್ಕು ಹೊಟ್ಟಿ ಹಿಡ್ಕೊಂಡು ಕುಂದರ್ತಿದ್ವಿ."

ಅವಳು ಬೇರೆ ಯಾರದೋ ಗಂಡನ ಮಾತು ಹೇಳುತ್ತಿದ್ದಾಳೆ ಅನಿಸಿತು. ನಮ್ಮ ಮನೆಯವರು ನಗಿಸುವುದು ಇರಲಿ, ನಕ್ಕದ್ದನ್ನೇ ನಾನು ಮದುವೆ ಮನೆಗಳಲ್ಲಿ ಮಾತ್ರ ನೋಡಿದ್ದೆ. ಸಂಜೆ ಬಸ್ಸಿಳಿದು ಬಂದು, ಮುಖ ತೊಳೆದು, ಕೂಲರ್ ಮುಂದೆ ಕೂತರೆಂದರೆ ಮುಗಿಯಿತು. ಕೇಳಿದ್ದಕ್ಕೂ ಹೂಂ, ಕೇಳದ್ದಕ್ಕೂ ಹೂಂ. ಎಷ್ಟು ರೊಟ್ಟಿ ಹಾಕಲಿ ಎಂದರೆ ಬೆರಳು ತೋರಿಸುವ ಮನುಷ್ಯ.

ನಾನೋ ತುಂಗಭದ್ರಾ ಹೊಳೆದಂಡೆಯ ಚೀಕಲಪರ್ವಿಯವಳು. ಈ ದಂಡೆಯಲ್ಲಿ ಬಟ್ಟೆ ಒಗೆಯುತ್ತ ಆ ದಂಡೆಯವರ ಕ್ಷೇಮ ಕೇಳಿ ಬೆಳೆದ ಗಂಟಲು ನನ್ನದು. ನಮ್ಮ ಮನೆಯ ಹೆಂಗಸರು ಕೂಲಿಗೆ ಹೋಗಿ ಭತ್ತದ ನಾಟಿಗೆ ನಡು ಬಗ್ಗಿಸಿದರೂ ಬಾಯಿ ಬಗ್ಗಿಸಿದವರಲ್ಲ. ಅಂಥ ಮನೆಯಿಂದ ಬಂದು ಇಂಥ ಮೂಕಪ್ಪನ ಕೈ ಹಿಡಿದಿದ್ದೆ. ಬೈಯುತ್ತಿದ್ದೆ, ಅದರಲ್ಲಿ ಮುಚ್ಚಿಡುವುದೇನಿದೆ? ಎಷ್ಟು ಬೈದರೂ ತಲೆ ತಗ್ಗಿಸಿ ಕೇಳುತ್ತಿದ್ದರೇ ಹೊರತು ತಿರುಗಿ ಒಂದು ಮಾತಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಯಾರೋ, ಅವರ ಮನೆಯಲ್ಲಿ ಇಂಥ ಬಂಗಾರ ಇದ್ದಿರಲಿಕ್ಕಿಲ್ಲ.

ಆ ದಿನ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಮನಸ್ಸಿನಲ್ಲೇ ಬೈದೆ. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ನಾನು ಆದೆ. ನಗುವ ಗಂಡನನ್ನು ಆ ಕಚೇರಿಗೆ ಕೊಟ್ಟು, ದಣಿದ ಗಂಡನನ್ನು ನನಗೆ ಕಳಿಸುತ್ತಿದ್ದರಲ್ಲ ಅನ್ನುವುದೇ ಹೊಟ್ಟೆಯಲ್ಲಿ ಉರಿಯುತ್ತಿತ್ತು.

ಬರುಬರುತ್ತ ಆ ಸಿಟ್ಟು, ಆ ನಗುವ ಮನುಷ್ಯನನ್ನು ಕಾಣುವ ಆಸೆಯಾಯಿತು. ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಎಲ್ಲರ ಡಬ್ಬಿಗಳೂ ಒಂದೇ ಮೇಜಿನ ಮೇಲೆ ಬಾಯಿ ತೆರೆಯುತ್ತವೆ. ಯಾರದು ಯಾರು ತಿಂದರು ಎಂಬ ಲೆಕ್ಕವಿಲ್ಲ. ಉಣ್ಣುವಾಗ ಯಾರಾದರೊಬ್ಬರು ಅವರ ಮಾತು ತೆಗೆಯುತ್ತಿದ್ದರು. ನಾನು ಪುಂಡಿ ಪಲ್ಯ ಹೆಚ್ಚಿಗೆ ಒಯ್ಯತೊಡಗಿದೆ. ಪಲ್ಯ ಇದ್ದಷ್ಟು ಹೊತ್ತು ಮಾತು ನಡೆಯುತ್ತಿತ್ತು. ಹೊಸದಾಗಿ ಬಂದ ಟೈಪಿಸ್ಟ್ ಹುಡುಗಿ ಸಾಹೇಬರ ಬೈಗುಳಕ್ಕೆ ಅಳುತ್ತ ಕೂತಾಗ, ಇವರು ಸಾಹೇಬರ ಹಾಗೆಯೇ ಕನ್ನಡಕ ಮೂಗಿನ ತುದಿಗಿಳಿಸಿ ಅವಳ ಕ್ಷಮೆ ಕೇಳಿದ್ದರಂತೆ. ಮಾತು ಬಿಟ್ಟಿದ್ದ ಇಬ್ಬರನ್ನು ಒಂದೇ ಬೆಂಚಿನ ಮೇಲೆ ಕೂಡಿಸಿ, ಇಬ್ಬರ ಜಗಳವನ್ನೂ ತಾವೊಬ್ಬರೇ ಆಡಿ ತೋರಿಸಿ ನಗಿಸಿದ್ದರಂತೆ. ನಾನು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದೆ. ಮನೆಗೆ ಬಂದು ಗೋಡೆಯ ಮೇಲಿನ ಫೋಟೋದ ಮುಖಕ್ಕೆ ಆ ನಗೆಯನ್ನು ಹೊಂದಿಸಿ ನೋಡುತ್ತಿದ್ದೆ. ಹೊಂದುತ್ತಿರಲಿಲ್ಲ. ಇದ್ದಾಗ ಇಷ್ಟು ಬೇಕೆನಿಸದ ಮನುಷ್ಯ ಹೋದ ಮೇಲೆ ಇಷ್ಟು ಬೇಕಾಗುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಕಥೆಗಳಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ: ನಾನು ಎಲ್ಲಾದರೂ ಇದ್ದೇನೆಯೇ? ಅಲ್ಲಿ ಅಷ್ಟು ನಗುತ್ತಿದ್ದ ಮನುಷ್ಯನ ಬಾಯಲ್ಲಿ "ನಮ್ಮನಿಯಾಕಿ" ಎಂಬ ಒಂದು ಮಾತಾದರೂ ಬರುತ್ತಿತ್ತೇ? ಯಾರ ಕಥೆಯಲ್ಲೂ ನಾನಿರಲಿಲ್ಲ. ಪಕ್ಕದ ಮೇಜಿನ ಹಿರಿಯ ಗುಮಾಸ್ತರು ಅವರ ಜೀವದ ಗೆಳೆಯ. ಎಷ್ಟೋ ಸಲ "ಒಂದಿನ ಏನಾತಂದ್ರ" ಎಂದು ಸುರು ಮಾಡಿ, ನನ್ನ ಮುಖ ನೋಡಿ, ಕೆಮ್ಮಿ, ಬೇರೆ ಮಾತಿಗೆ ಹೋಗಿಬಿಡುತ್ತಿದ್ದರು. ಬಾಯಿಬಿಟ್ಟು ಕೇಳುವಂತೆಯೂ ಇರಲಿಲ್ಲ. ಗಂಡನ ಹೆಸರನ್ನೇ ಬಾಯಿಂದ ಆಡದ ಊರಿನವರು ನಾವು. ಗಂಡನನ್ನು ಕಳೆದುಕೊಂಡ ಹೆಣ್ಣು ಗಂಡಸರ ನಡುವೆ ಕೂತು "ಅವ್ರು ನನ್ನ ಬಗ್ಗೆ ಏನಂತಿದ್ರು" ಎಂದರೆ ನೋಡಿದವರು ಏನಂದಾರು? ಊರನ್ನೆಲ್ಲ ಮಾತಾಡಿಸಿದ ಬಾಯಿ ಅದೊಂದನ್ನು ಕೇಳಲಾರದೆ ಕೂತಿತು. ಕೊನೆಗೆ, ಅವರ ಸಂತೋಷದಲ್ಲಿ ನನಗೆ ಪಾಲಿರಲಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತುಬಿಟ್ಟಿತು.

ಕೆಲಸ ಮಾತ್ರ ನನ್ನ ಕೈ ಹಿಡಿಯಿತು. ಕಂಪ್ಯೂಟರ್ ಮುಟ್ಟಲು ಹೆದರುತ್ತಿದ್ದವಳು ಬೇರೆಯವರಿಗೆ ಹೇಳಿಕೊಡುವಷ್ಟಾದೆ. ಐದರ ನಂತರ ಬರುವ ಕೆಲಸಕ್ಕೆ "ನಾಳಿ ಮುಂಜಾನಿ ಮಾಡಿಕೊಡ್ತೀನ್ರಿ, ಈಗ ಬಸ್ಸಿನ ಟೈಮ್" ಎಂದು ನಗುತ್ತಲೇ ಹೇಳುವುದನ್ನು ಕಲಿತೆ. "ಅಕ್ಕಾರ ಇದ್ರ ಬೇಜಾರಿಲ್ಲ" ಎನ್ನತೊಡಗಿದರು. ಆ ಮಾತು ಕೇಳಿದಾಗ ಮೈ ಹಗುರಾಗುತ್ತಿತ್ತು.

ಒಂದು ಸಂಜೆ ಮಗಳು ಶಾಲೆಯ ಏನೋ ಸುದ್ದಿ ಹೇಳುತ್ತಿದ್ದಳು. ಹೈಸ್ಕೂಲಿನ ಹುಡುಗಿ, ನಾಲಿಗೆ ನನ್ನದೇ. ನಾನು ಕೂಲರ್ ಮುಂದೆ ಕಾಲು ಚಾಚಿ ಕೂತಿದ್ದೆ.

"ಯವ್ವಾ, ನೀನೂ ಅಪ್ಪನಂಗ ಹೂಂ ಅನ್ನಾಕತ್ತೀದಿ ನೋಡು," ಎಂದಳು. "ಫೋನಿನ್ಯಾಗ ಆಫೀಸಿನವ್ರ ಜೋಡಿ ಕಿಸಕಿಸ ನಗ್ತಿ. ಫೋನ್ ಇಟ್ಟಕೂಡ್ಲೇ ಮಾರಿ ಗಂಟು ಹಾಕ್ತಿ. ನಾವೇನು ಪಾಪ ಮಾಡೀವಿ?"

ಹುಡುಗಿ ಹೇಳಿದ್ದು ಖರೆ. ದಿನವಿಡೀ ಸಾಹೇಬರಿಗೆ, ಬಂದ ಜನಕ್ಕೆ, ಕಂಡಕ್ಟರಿಗೆ ನಗುಮುಖ ಹಂಚಿ, ರಾಯಚೂರಿನ ಬಿಸಿಲಲ್ಲಿ ಬಸ್ಸಿನ ಸೀಟಿಗೆ ಬೆನ್ನು ಅಂಟಿಸಿಕೊಂಡು ಬರುವ ಹೊತ್ತಿಗೆ ಪಾತ್ರೆಯ ತಳ ಕೆರೆಯುವುದಷ್ಟೇ ಉಳಿದಿರುತ್ತದೆ. ಮನೆಯವರು ಎಲ್ಲಿ ಹೋಗುತ್ತಾರೆ, ನಮ್ಮವರೇ ಅಲ್ಲವೇ ಎಂಬ ಧೈರ್ಯ ಬೇರೆ. ನನ್ನ ಗಂಡನದೂ ಇಷ್ಟೇ ಇದ್ದಿರಬೇಕು. ಅಂದಿನಿಂದ ಮನೆಗೆ ಬಂದಕೂಡಲೇ ಫೋನು ಒಳಗಿಟ್ಟು, ಬಾಗಿಲ ಮುಂದಿನ ಕಟ್ಟೆಯ ಮೇಲೆ ಮಗಳ ಜೊತೆ ಚಹಾ ಕುಡಿಯುವುದೆಂದು ಗೊತ್ತು ಮಾಡಿದೆ. ಆ ದಿನದ ಒಂದು ಸುದ್ದಿ ಅವಳದು, ಒಂದು ನನ್ನದು. ಎಷ್ಟೋ ಸಂಜೆ ನಾಲಿಗೆ ಏಳುತ್ತಿರಲಿಲ್ಲ. ಆದರೂ ಕೂತೆ. ನೌಕರಿಯಲ್ಲಿ ಕಲಿತದ್ದಕ್ಕಿಂತ ಇದನ್ನು ಕಲಿಯುವುದೇ ನನಗೆ ಕಷ್ಟವಾಯಿತು. ಹೀಗೆ ಅವರ ದಣಿವು ನನಗೆ ಅರ್ಥವಾಯಿತು. ಅರ್ಥವಾದರೆ ಆಸೆ ತೀರುತ್ತದೆಯೇ? ನನ್ನ ಮಾತು ಒಂದು ಸಲವಾದರೂ ಆಡಿದ್ದರೇ ಎಂಬುದು ಹಾಗೇ ಉಳಿಯಿತು.

ಆಮೇಲೆ ಹಿರಿಯ ಗುಮಾಸ್ತರಿಗೆ ಮಾನ್ವಿಗೆ ವರ್ಗವಾಯಿತು. ಕೆಲವು ತಿಂಗಳ ಮೇಲೆ ನನಗೆ ಮಾನ್ವಿಯಲ್ಲಿ ತರಬೇತಿ ಬಂತು. ಅವರ ಹೆಂಡತಿ, ನಾನು ಆವರೆಗೆ ನೋಡಿರದ ಹೆಣ್ಣುಮಗಳು, ಊಟಕ್ಕೆ ಮನೆಗೇ ಬರಬೇಕೆಂದು ಹಟ ಹಿಡಿದರು. ಹೋದೆ. ಎಲೆಗೆ ಅನ್ನ ಬೀಳುವ ಹೊತ್ತಿಗೆ ಮಗಳ ಫೋನು. ನಳದಲ್ಲಿ ನೀರು ಬಂದಿತ್ತು, ಶಾಲೆಗೆ ರಜೆಯಿದ್ದ ಅವಳು ಓದುತ್ತ ಕೂತು ತುಂಬುವುದನ್ನು ಮರೆತಿದ್ದಳು, ನೀರು ನಿಂತಿತ್ತು.

"ನಳ ನಿಂತ ಮ್ಯಾಲ ಕೊಡ ತಗೊಂಡು ಬಂದಿಯೇನು?" ಎಂದೆ ನಾನು, ಬೇರೆಯವರ ಮನೆಯಲ್ಲಿದ್ದೇನೆಂಬುದನ್ನೂ ಮರೆತು. "ಛಲೋ ಆತು ಬಿಡು. ನಿನ್ನ ಸಲುವಾಗಿ ತುಂಗಭದ್ರಾ ಹೊಳಿನ ತಿರುವಿ ಬಾಗಲಿಗೆ ತರ್ತೀನಿ, ಚಾಪಿ ಹಾಸ್ಕೊಂಡು ಕುಂದ್ರು!"

ಬಡಿಸುತ್ತಿದ್ದ ಆ ಹೆಣ್ಣುಮಗಳು ಸೌಟು ಕೆಳಗಿಟ್ಟು ನಗತೊಡಗಿದರು. "ಅಯ್ಯ ಯವ್ವಾ, ಥೇಟ್ ಹಂಗ ಅದ ನೋಡ್ರಿ. ನಮ್ಮಿವ್ರು ಮನ್ಯಾಗ ಬಂದು ಮಾಡಿ ತೋರಸ್ತಿದ್ರಲ್ಲ, ನಿಮ್ಮನಿಯವ್ರು ಆಫೀಸಿನ್ಯಾಗ ನಿಮ್ಮಂಗ ಮಾತಾಡೂದು, ಥೇಟ್ ಅದ."

ಹಿರಿಯ ಗುಮಾಸ್ತರು ಹೆಂಡತಿಯನ್ನು ಕಣ್ಣಲ್ಲೇ ಗದರಿಸಿದರು. ಮಾತು ಹೊರಗೆ ಬಿದ್ದಾಗಿತ್ತು.

"ಏನ್ ಮಾಡ್ತಿದ್ರು?" ಎಂದೆ.

"ತಪ್ಪು ತಿಳೀಬ್ಯಾಡ ತಂಗೀ," ಎಂದು ಅವರು ಎಂಜಲು ಕೈಯಲ್ಲೇ ಕೈ ಮುಗಿದರು. "ನೀ ಆಫೀಸಿಗೆ ಬರೂ ಮೊದ್ಲ ನಾವೆಲ್ಲಾ ಮಾತಾಡ್ಕೊಂಡಿದ್ವಿ, ಈ ಹೆಣ್ಮಗಳ ಮುಂದ ಅದೊಂದು ತಗೀಬಾರದು ಅಂತ. ಗಂಡನ್ನ ಕಳಕೊಂಡು ಬಂದಾಳ, ಗಂಡ ನನ್ನ ಆಡಿ ತೋರಿಸಿ ಮಂದಿನ್ನ ನಗಸ್ತಿದ್ದ ಅಂತ ತಿಳದ್ರ ಏನನಸ್ತದ, ಅಂತ. ಸಾಹೇಬ್ರಂಗ ಮಾಡೂದು ಯಾವಾಗರ ಒಮ್ಮಿ. ದಿನಾ ಮಾಡ್ತಿದ್ದದ್ದು ನಿನ್ನಂಗ. ಬ್ಯಾಗ್ ಇಟ್ಟಕೂಡ್ಲೇ 'ನಿನ್ನಿ ನಮ್ಮನಿಯಾಕಿ ಏನಂದ್ಲು ಗೊತ್ತೇನ್ರಿ' ಅಂತ ಸುರು. ನಾವು ಅದಕ್ಕಂತನ ಕಾದು ಕುಂತಿರ್ತಿದ್ವಿ."

ನಾನು ಕಲಸಿದ ಅನ್ನ ಎಲೆಯಲ್ಲೇ ಬಿಟ್ಟು ಅವರನ್ನೇ ನೋಡಿದೆ. ಅದು ಕಂಡು ಅವರಿಗೆ ಇನ್ನಷ್ಟು ಹೆದರಿಕೆಯಾಗಿರಬೇಕು.

"ಒಂದಿನ ನಾನ ಕೇಳಿದೆ, ಆ ಪರಿ ಬೈಸ್ಕೋತಿ, ತಿರುಗಿ ಒಂದು ಮಾತರ ಆಡಬಾರದೇನೋ, ಅಂತ. ಅದಕ್ಕವ ಏನಂದ ಗೊತ್ತೇನು? 'ಆಕಿ ಮಾತಾಡೂಮುಂದ ನಡುವ ಬಾಯಿ ಹಾಕಿದ್ರ ಒಂದು ಮಾತು ತಪ್ಪಿ ಹೋಗ್ತದ. ಅಂಥಾ ಮಾತು ಮತ್ತ ಎಲ್ಲಿ ಸಿಗ್ತಾವ? ಅದಕ್ಕ ಸುಮ್ನ ಕುಂತು ಕೇಳ್ತೀನಿ.'"

ನನಗೆ ಅಳು ಬಂತು. ಆ ಹೆಣ್ಣುಮಗಳು ನೀರು ಕೊಟ್ಟು, ಬೆನ್ನು ಸವರಿ, ಗಂಡನನ್ನು ಬೈದರು. ಅವರಿಗೆ ಹೇಗೆ ಹೇಳುವುದು, ಅದು ನೋವಿನ ಅಳುವಲ್ಲ ಎಂದು? ಇವರೆಲ್ಲ ನನ್ನ ಮರ್ಯಾದೆ ಕಾಯುತ್ತೇವೆಂದು ನನಗೆ ಬೇಕಾಗಿದ್ದ ಒಂದೇ ಒಂದನ್ನು ಮುಚ್ಚಿಟ್ಟಿದ್ದರು. ನಾನು ನನ್ನ ಮರ್ಯಾದೆ ಕಾಯುತ್ತ ಅದನ್ನು ಕೇಳದೇ ಉಳಿದಿದ್ದೆ. ಎಂಥ ಶಾಣೇ ಮಂದಿ ನಾವು!

"ಒಮ್ಮೆ ಮಾಡಿ ತೋರಸ್ರಿ ಅಣ್ಣಾರ," ಎಂದೆ.

ಅವರು ಒಲ್ಲೆನೆಂದರು. ನಾನು ಬಿಡಲಿಲ್ಲ. ಕೊನೆಗೆ ಕೈ ತೊಳೆದು ಬಂದು, ಟವೆಲ್ಲನ್ನು ಸೆರಗಿನಂತೆ ಹೊದ್ದು ತುದಿಯನ್ನು ನಡುವಿಗೆ ಸಿಕ್ಕಿಸಿ, ನಾಚಿಕೊಳ್ಳುತ್ತ, ನನ್ನ ಬೈಗುಳ ನನಗೇ ಬೈದರು. ನನ್ನ ಮಾತೇ, ಆದರೆ ಬೈಗುಳ ಮುಗಿಯುವಲ್ಲಿ ದನಿ ಸ್ವಲ್ಪ ಇಳಿಯುತ್ತಿತ್ತು, ಮುದ್ದಿನಿಂದ ಎಂಬಂತೆ. ನಾನು ಹಾಗೆ ಇಳಿಸುವವಳಲ್ಲ. ಅದು ನನ್ನ ಗಂಡ ಸೇರಿಸಿದ್ದು. "ಇನ್ನೊಮ್ಮೆ" ಎಂದೆ. ಪಾಪ, ಇನ್ನೊಮ್ಮೆ ಮಾಡಿದರು.

ಸಂಜೆ ಕಟ್ಟೆಯ ಮೇಲೆ ಮಗಳಿಗೆ ಎಲ್ಲ ಹೇಳಿದೆ. ಅವಳು ಕಣ್ಣರಳಿಸಿ, "ಅಪ್ಪ ಹ್ಯಾಂಗ ಮಾಡ್ತಿದ್ದ? ಮಾಡಿ ತೋರ್ಸು" ಎಂದಳು. ನಾನು ಎದ್ದು ಸೆರಗು ಸಿಕ್ಕಿಸಿ, ನಡುವಿನ ಮೇಲೆ ಕೈಯಿಟ್ಟು, ಅವರು ಮಾಡುತ್ತಿದ್ದಂತೆ ಬೈದೆ.

ಮಗಳು, "ಇದು ನೀನ ಅಲ್ಲೇನು?" ಎಂದಳು.

ಮತ್ತೆ ಮಾಡಿದೆ. ಕೊನೆಗೆ ದನಿ ಇಳಿಸಲು ನೋಡಿದೆ, ಇಳಿಯಲಿಲ್ಲ. ಎಷ್ಟು ಸಲ ಮಾಡಿದರೂ ಬಂದು ನಿಂತವಳು ನಾನೇ. ಮಗಳು ಬಿದ್ದು ಬಿದ್ದು ನಗುತ್ತಿದ್ದಳು, ಅವಳ ಜೊತೆ ನಾನೂ ನಕ್ಕೆ. ನಗುತ್ತಲೇ ಅವರನ್ನು ಒಮ್ಮೆ ನೋಡುವ ವಿಪರೀತ ಆಸೆಯಾಯಿತು. ಅವರ ಬಾಯಲ್ಲಿ ಅಷ್ಟು ಚೆಂದ ಬೈಯುತ್ತಿದ್ದ ಆ ಹೆಂಗಸನ್ನು ದೇವದುರ್ಗದವರೆಲ್ಲ ನೋಡಿದ್ದಾರೆ, ನಾನೊಬ್ಬಳೇ ನೋಡಿಲ್ಲ.