ಪುಕ್ಕಟೆ ಕಲ್ಲು

ನಾನು ಬಿ.ಜಿ. ಕೆರೆಯ ಕಲ್ಲು ಒಡೆಯುವವನ ಮಗಳು. ತೊಂಬತ್ತರ ದಶಕದಲ್ಲಿ ಪಿಯುಸಿ ಓದಲು ದಿನಾ ಬಸ್ಸು ಹಿಡಿದು ಚಳ್ಳಕೆರೆಗೆ ಹೋಗುತ್ತಿದ್ದೆ. ಒಂದು ದಿನ ಇಂಗ್ಲಿಷ್ ಮೇಷ್ಟ್ರು ಪಾಠದಲ್ಲಿ ಬಂದ ‘ಫ್ರೀಸ್ಟೋನ್’ ಎಂಬ ಪದದ ಅರ್ಥ ಕೇಳಿದರು. ನಾನು ಎದ್ದು, “ಪುಕ್ಕಟೆ ಸಿಗೋ ಕಲ್ಲು, ಸರ್” ಎಂದೆ.

ಅವರು ಮೇಜು ಬಡಿದು ನಕ್ಕರು. “ನಿಮ್ಮಪ್ಪಗೆ ಗುಡ್ಡದಾಗೆ ಪುಕ್ಕಟೆ ಸಿಗ್ತಾವೇನಮ್ಮಾ?”

ತರಗತಿಯೆಲ್ಲ ನಕ್ಕಿತು. ಅಂದಿನಿಂದ ಎರಡು ವರ್ಷ ಹಾಜರಿ ಕರೆಯುವಾಗಲೂ ಅವರು ನನ್ನನ್ನು “ಪುಕ್ಕಟೆ ಕಲ್ಲು” ಎಂದೇ ಕೂಗಿದರು.

ಗ್ರಂಥಾಲಯದ ನಿಘಂಟಿನಲ್ಲಿ ಎರಡು ಅರ್ಥಗಳಿದ್ದವು. ಯಾವ ಕಡೆಯಿಂದ ಉಳಿ ಇಟ್ಟರೂ ಸೀಳಿಹೋಗದೆ ಕೆತ್ತಿಸಿಕೊಳ್ಳುವ ಕಲ್ಲು; ತಿರುಳಿಗೆ ಅಂಟದೆ ಬೀಜ ಸಲೀಸಾಗಿ ಬಿಟ್ಟುಬರುವ ಪೀಚಿನಂಥ ಹಣ್ಣು. ಅಪ್ಪನಿಗೆ ಹೇಳಿದೆ.

“ಅಂಥ ಕಲ್ಲು ನಮ್ ಕಡೆ ಎಲ್ಲೈತವ್ವಾ? ನಮ್ದು ಉಳಿನೇ ತಿಂತೈತೆ” ಎಂದ.

ಕೆಲವು ವರ್ಷಗಳ ನಂತರ ಮೊಳಕಾಲ್ಮೂರಿನ ಕಾಲೇಜೊಂದರಲ್ಲಿ ನಾನೇ ಇಂಗ್ಲಿಷ್ ಉಪನ್ಯಾಸಕಿಯಾದೆ. ರಸಪ್ರಶ್ನೆ ಸ್ಪರ್ಧೆಗೆ ತೀರ್ಪುಗಾರರು ಬೇಕಾದಾಗ, ನಿವೃತ್ತರಾಗಿದ್ದ ಅದೇ ಮೇಷ್ಟ್ರ ಹೆಸರನ್ನು ನಾನೇ ಸೂಚಿಸಿದೆ. ಪ್ರಶ್ನೆಗಳನ್ನೂ ನಾನೇ ಬರೆದೆ.

‘ಫ್ರೀಸ್ಟೋನ್ ಎಂದರೇನು?’ ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು, “ಒಂದು ಜಾತಿ ಹಣ್ಣು” ಎಂದಳು.

“ತಪ್ಪು. ಅದು ಕಲ್ಲು” ಎಂದರು ಮೇಷ್ಟ್ರು.

ನಾನು ಪುಟ ಗುರುತು ಹಾಕಿಟ್ಟಿದ್ದ ನಿಘಂಟನ್ನು ಅವರ ಮುಂದಿಟ್ಟೆ. “ಎರಡೂ ಅರ್ಥ ಓದ್ರಿ ಸರ್. ಮೈಕಿನಾಗೆ.”

ಅವರು ತಡವರಿಸುತ್ತ ಓದಿದರು. ಹಿಂದಿನ ಸಾಲಿನಿಂದ ಶುರುವಾದ ನಗು ಸಭೆಯನ್ನೆಲ್ಲ ತುಂಬಿತು. ಸುಮ್ಮನಿರಿ ಎಂದು ಹೇಳಬೇಕಾದವಳು ನಾನೇ. ಹೇಳಲಿಲ್ಲ. ಅವರ ಕಿವಿ ಕೆಂಪಾಗುವುದನ್ನು ಕಣ್ತುಂಬ ನೋಡಿದೆ.

ಬಸ್‌ಸ್ಟ್ಯಾಂಡಿಗೆ ಬಿಡುವ ನೆಪದಲ್ಲಿ ಅವರ ಚೀಲ ಹಿಡಿದು ಜೊತೆಗೆ ನಡೆದೆ. “ನನ್ ಗುರ್ತು ಸಿಕ್ತೇನ್ರಿ?”

“ಇಲ್ಲಮ್ಮ. ನಮ್ ಕಾಲೇಜಾ?”

ನನಗೆ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ನಾನು ಸಿಟ್ಟು ಸಾಕಿಕೊಂಡಿದ್ದೆ; ಅವರಿಗೆ ನನ್ನ ಮುಖ ಕೂಡ ನೆನಪಿರಲಿಲ್ಲ. ಚಳ್ಳಕೆರೆ ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿತ್ತು. ಚೀಲ ಕೊಡದೆ, ಅಪ್ಪನ ಬಗ್ಗೆ ಅವರು ಆಡಿದ ಮಾತಿನಿಂದ ಹಾಜರಿಯಲ್ಲಿ ಕೂಗಿದ ಹೆಸರಿನವರೆಗೆ ಎಲ್ಲವನ್ನೂ ಹೇಳಿದೆ. ಬಸ್ಸು ಹೋಯಿತು.

“ತಪ್ಪಾಯ್ತಮ್ಮ” ಎಂದರು, ಬಸ್ಸು ಹೋದ ದಾರಿಯನ್ನೇ ನೋಡುತ್ತ.

ನನಗೆ ಸಾಲಲಿಲ್ಲ. ಮರುವರ್ಷವೂ ಅವರಿಗೇ ಆಹ್ವಾನ ಕಳಿಸಿದೆ. ಅವರು ಬರಲಿಲ್ಲ.